ಪಿಎಂ-ಕಿಸಾನ್ ಹಣ ವಾಪಸ್ ಕಟ್ಟುವ ಆನ್‌ಲೈನ್ ಸೇವೆ: ಕಟ್ಟಲು ಐದು ನಿಮಿಷ, ಲೆಕ್ಕ ಕೇಳಲು ಐದು ಕಚೇರಿ

ಕಿಸಾನ್ ಸಮ್ಮಾನ್ ಕಂತು ಖಾತೆಗೆ ಬೀಳುವಾಗ ಬರುವುದು ಒಂದು ಮೆಸೇಜು. ಅದೇ ಹಣ ವಾಪಸ್ ಕೇಳುವಾಗ ಬರುವುದು ಒಂದು ಕಾಗದ, ಇಲ್ಲವೇ ರೈತ ಸಂಪರ್ಕ ಕೇಂದ್ರದಿಂದ ಒಂದು ಫೋನು. ನೀವು ಯೋಜನೆಗೆ ಅರ್ಹರಲ್ಲ, ಪಡೆದದ್ದನ್ನು ಕಟ್ಟಿ ಎಂಬುದು ಅದರ ಸಾರ. ಹಾಗೆ ಕಟ್ಟಲೆಂದೇ ಪಿಎಂ-ಕಿಸಾನ್ ಪೋರ್ಟಲ್‌ನ ರೈತರ ವಿಭಾಗದಲ್ಲಿ ‘ಆನ್‌ಲೈನ್ ರಿಫಂಡ್’ ಎಂಬ ಸೌಲಭ್ಯ ಇದೆ. ಈ ವಿಮರ್ಶೆ ಆ ಸೇವೆಯದ್ದು. ರಿಫಂಡ್ ಎಂದ ಕೂಡಲೇ ನಮಗೇ ಏನೋ ಬರುತ್ತದೆ ಎಂದುಕೊಳ್ಳಬೇಡಿ, ಇಲ್ಲಿ ಹಣ ಹೋಗುವುದು ನಿಮ್ಮ ಕಡೆಯಿಂದ.

ಅಂಕವನ್ನು ಮೊದಲೇ ಕೊಟ್ಟುಬಿಡುತ್ತೇವೆ. ಹಣವನ್ನು ಸರ್ಕಾರದ ಖಜಾನೆಗೆ ಮುಟ್ಟಿಸುವ ಕೆಲಸಕ್ಕೆ ಐದರಲ್ಲಿ ನಾಲ್ಕು. ಏಕೆ ಕಟ್ಟಬೇಕು, ಯಾವ ಕಂತನ್ನು ಕಟ್ಟಬೇಕು, ಒಪ್ಪದಿದ್ದರೆ ಯಾರನ್ನು ಕೇಳಬೇಕು ಎಂದು ತಿಳಿಸುವ ಕೆಲಸಕ್ಕೆ ಒಂದು, ಅದೂ ದಾಕ್ಷಿಣ್ಯಕ್ಕೆ. ಹಾಗಾಗಿ ಈ ಪುಟವನ್ನು ತೆರೆಯುವ ಮುಂಚೆ ಮನೆಯಲ್ಲೇ ಕೂತು ಮಾಡಬೇಕಾದ ಲೆಕ್ಕ ಪುಟದೊಳಗಿನ ಕೆಲಸಕ್ಕಿಂತ ದೊಡ್ಡದು.

ಮೊದಲ ಪ್ರಶ್ನೆ: ನಿಜಕ್ಕೂ ಕಟ್ಟಬೇಕೇ?

ಯೋಜನೆ ಶುರುವಾದದ್ದು 2019ರ ಫೆಬ್ರವರಿ 24ರಂದು, ಆದರೆ ಲೆಕ್ಕ ಹಿಡಿದದ್ದು 2018ರ ಡಿಸೆಂಬರ್‌ನಿಂದ. ವರ್ಷಕ್ಕೆ 6,000 ರೂಪಾಯಿ, ನಾಲ್ಕು ತಿಂಗಳಿಗೊಂದರಂತೆ 2,000ದ ಮೂರು ಕಂತು. ಮೊದಲು ಎರಡು ಹೆಕ್ಟೇರ್ ಮಿತಿ ಇತ್ತು. 2019ರಲ್ಲೇ ಅದನ್ನು ತೆಗೆದರು. ಆದ್ದರಿಂದ ಜಮೀನು ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಇವತ್ತು ಯಾರೂ ಅನರ್ಹರಾಗುವುದಿಲ್ಲ.

ಅನರ್ಹತೆ ಬರುವುದು ಬೇರೆ ಕಡೆಯಿಂದ. ಕುಟುಂಬದಲ್ಲಿ ಯಾರಾದರೂ ಕಳೆದ ಕರನಿರ್ಧಾರಣಾ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದ್ದರೆ, ಕೇಂದ್ರ ಅಥವಾ ರಾಜ್ಯ ಸರ್ಕಾರ, ಸಾರ್ವಜನಿಕ ಉದ್ದಿಮೆ ಅಥವಾ ಸ್ಥಳೀಯ ಸಂಸ್ಥೆಯ ಕಾಯಂ ನೌಕರರಾಗಿದ್ದರೆ, ತಿಂಗಳಿಗೆ 10,000 ಅಥವಾ ಹೆಚ್ಚು ಪಿಂಚಣಿ ಪಡೆಯುವ ನಿವೃತ್ತರಾಗಿದ್ದರೆ, ನೋಂದಾಯಿತರಾಗಿ ವೃತ್ತಿ ನಡೆಸುವ ವೈದ್ಯ, ವಕೀಲ, ಎಂಜಿನಿಯರ್, ಲೆಕ್ಕ ಪರಿಶೋಧಕ, ವಾಸ್ತುಶಿಲ್ಪಿ ಆಗಿದ್ದರೆ ಹಣ ಸಲ್ಲುವುದಿಲ್ಲ. ಶಾಸಕ, ಸಂಸದ, ಮಂತ್ರಿ, ಮೇಯರ್, ಜಿಲ್ಲಾ ಪಂಚಾಯಿತಿ ಅಧ್ಯಕ್ಷ, ಇವರಲ್ಲಿ ಹಾಲಿ, ಮಾಜಿ ಇಬ್ಬರೂ ಹೊರಗೆ. ಮಠ, ಟ್ರಸ್ಟ್, ಸಂಸ್ಥೆಯ ಹೆಸರಿನಲ್ಲಿ ಜಮೀನಿದ್ದರೂ ಇಲ್ಲ.

ಈ ಪಟ್ಟಿ ಹಲವರಿಗೆ ಬಾಯಿಪಾಠ. ಅದರ ಒಳಗಿನ ಎರಡು ವಿನಾಯಿತಿಗಳನ್ನು ಮಾತ್ರ ಮರೆಯುತ್ತಾರೆ. ಸರ್ಕಾರಿ ನೌಕರರಲ್ಲಿ ‘ಡಿ’ ಗುಂಪಿನವರಿಗೆ ನಿಷೇಧವಿಲ್ಲ, ನಿವೃತ್ತರಾದ ‘ಡಿ’ ಗುಂಪಿನವರಿಗೆ 10,000ದ ಪಿಂಚಣಿ ಮಿತಿಯೂ ಇಲ್ಲ. ಅಟೆಂಡರ್ ಆಗಿ ನಿವೃತ್ತರಾದವರು ನೋಟಿಸ್ ನೋಡಿ ಹೆದರಿ ಕಟ್ಟುವ ಮುಂಚೆ ತಮ್ಮ ಪಿಂಚಣಿ ಆದೇಶದಲ್ಲಿ ಯಾವ ಗುಂಪು ಎಂದು ಬರೆದಿದೆ ನೋಡಬೇಕು. ಎರಡನೆಯದು ‘ಕುಟುಂಬ’ ಎಂಬ ಮಾತಿನ ಅರ್ಥ. ಇಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು 18 ತುಂಬದ ಮಕ್ಕಳು, ಅಷ್ಟೇ. ಒಂದೇ ಒಲೆ, ಒಂದೇ ರೇಷನ್ ಕಾರ್ಡ್ ಎಂಬುದು ಇಲ್ಲಿನ ಅಳತೆಯಲ್ಲ. ತಂದೆ ನಿವೃತ್ತ ಮೇಷ್ಟ್ರು ಎಂಬ ಕಾರಣಕ್ಕೆ, ತನ್ನ ಹೆಸರಿನಲ್ಲೇ ಪಹಣಿ ಇರುವ ವಯಸ್ಕ ಮಗ ಅನರ್ಹನಾಗುವುದಿಲ್ಲ. ಹೆಂಡತಿ ಸರ್ಕಾರಿ ಶಾಲೆಯ ಕಾಯಂ ಶಿಕ್ಷಕಿಯಾಗಿದ್ದರೆ ಮಾತ್ರ ಗಂಡನ ಕಂತು ನಿಲ್ಲಲೇಬೇಕು. ಗಂಡ-ಹೆಂಡತಿ ಇಬ್ಬರಿಗೂ ಬಂದಿದ್ದರೆ ಒಬ್ಬರದ್ದು ವಾಪಸ್ ಹೋಗಬೇಕು, ಇಬ್ಬರದ್ದೂ ಅಲ್ಲ.

ತೆರಿಗೆಯ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ರಿಟರ್ನ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಬ್ಯಾಂಕ್ ಸಾಲಕ್ಕೆಂದು ಸೊನ್ನೆ ತೆರಿಗೆಯ ರಿಟರ್ನ್ ಹಾಕಿದವರು ತೆರಿಗೆ ಪಾವತಿದಾರರಲ್ಲ. ಎಫ್‌ಡಿ ಬಡ್ಡಿಯಲ್ಲಿ ಟಿಡಿಎಸ್ ಕಡಿತವಾಗಿ, ರಿಟರ್ನ್ ಹಾಕಿ ಅದಷ್ಟೂ ವಾಪಸ್ ಬಂದಿದ್ದರೆ ಕೊನೆಗೆ ಉಳಿದ ತೆರಿಗೆ ಸೊನ್ನೆ. ಇದನ್ನು ತೋರಿಸುವ ಕಾಗದವೆಂದರೆ ರಿಟರ್ನ್ ಪರಿಶೀಲಿಸಿದ ಮೇಲೆ ಆದಾಯ ತೆರಿಗೆ ಇಲಾಖೆ ಕಳಿಸುವ 143(1) ಇಂಟಿಮೇಷನ್. ರಿಟರ್ನ್‌ನ ಸ್ವೀಕೃತಿಯೊಂದನ್ನೇ ಹಿಡಿದು ಹೋದರೆ ಎದುರಿಗಿರುವವರು ‘ರಿಟರ್ನ್ ಹಾಕಿದ್ದೀರಲ್ಲ’ ಎಂದುಬಿಡುತ್ತಾರೆ. ಇಂಟಿಮೇಷನ್‌ನಲ್ಲಿ ನಿವ್ವಳ ತೆರಿಗೆ ಹೊಣೆಯ ಸಾಲಿಗೆ ಗುರುತು ಹಾಕಿ ಕೊಡಿ.

ವರ್ಷದ ಲೆಕ್ಕವೂ ಕೈಕೊಡುತ್ತದೆ. 2023-24ರಲ್ಲಿ ಗಳಿಸಿದ ಆದಾಯದ ಕರನಿರ್ಧಾರಣಾ ವರ್ಷ 2024-25. ಎಲ್ಲೋ ಒಂದು ವರ್ಷ ಸೈಟು ಮಾರಿ ತೆರಿಗೆ ಕಟ್ಟಿದವರಿಗೆ 2019ರಿಂದ ಪಡೆದ ಎಲ್ಲ ಕಂತನ್ನೂ ಕಟ್ಟಿ ಎಂದರೆ, ಯಾವ ಕರನಿರ್ಧಾರಣಾ ವರ್ಷಕ್ಕೆ ಯಾವ ಕಂತು ಸೇರಿಸಿದ್ದೀರಿ ಎಂದು ಬರವಣಿಗೆಯಲ್ಲೇ ಕೇಳಬೇಕು. ನಿಯಮದಲ್ಲಿರುವುದು ‘ಕಳೆದ ಕರನಿರ್ಧಾರಣಾ ವರ್ಷ’ ಎಂಬ ಮಾತು. ‘ಎಂದಾದರೂ ಒಮ್ಮೆ’ ಎಂದಲ್ಲ.

ಜಮೀನಿನ ದಿನಾಂಕದ್ದು ಮತ್ತೊಂದು ಕಥೆ. 2019ರ ಫೆಬ್ರವರಿ 1ರ ನಂತರ ಹೆಸರಿಗೆ ಬಂದ ಜಮೀನಿಗೆ ಹಣವಿಲ್ಲ. ಕ್ರಯವಾಗಲಿ, ತಂದೆ ಬದುಕಿರುವಾಗ ಮಾಡಿಕೊಂಡ ವಿಭಾಗವಾಗಲಿ, ದಾನಪತ್ರವಾಗಲಿ, ಆ ದಿನಾಂಕದ ಈಚೆಗಿನದಾದರೆ ಸಲ್ಲದು. ಖಾತೆದಾರರು ತೀರಿಕೊಂಡು ವಾರಸುದಾರರಿಗೆ ಬಂದದ್ದಕ್ಕೆ ಮಾತ್ರ ವಿನಾಯಿತಿ. ನಮ್ಮಲ್ಲಿ ಪೌತಿ ಖಾತೆ ಮಾಡಿಸಿಕೊಳ್ಳುವುದನ್ನು ವರ್ಷಗಟ್ಟಲೆ ಮುಂದೂಡುವುದು ಮಾಮೂಲು. ಹಾಗಾಗಿ ಪಹಣಿಯಲ್ಲಿ ಹೆಸರು ಬಂದದ್ದು 2021 ಎಂದು ಕಂಡರೂ ಅದರ ಹಿಂದಿನ ಕಾರಣ ಪೌತಿ ಆಗಿರಬಹುದು. ಕಂಪ್ಯೂಟರ್ ದಿನಾಂಕ ನೋಡುತ್ತದೆ, ಕಾರಣ ಓದುವುದಿಲ್ಲ. ಅದನ್ನು ಓದಿಸಲು ಬೇಕಾದದ್ದು ಮ್ಯುಟೇಶನ್ ರಿಜಿಸ್ಟರ್‌ನ ನಕಲು ಮತ್ತು ಮರಣ ಪ್ರಮಾಣಪತ್ರ. ಎರಡನ್ನೂ ಜೊತೆಯಲ್ಲೇ ಕೊಡಿ. ಒಂದನ್ನು ಕೊಟ್ಟು ಇನ್ನೊಂದಕ್ಕೆ ಮತ್ತೆ ಬಸ್ಸು ಹತ್ತಬೇಡಿ.

ಇತ್ತೀಚೆಗೆ ಕೇಂದ್ರ ಕೃಷಿ ಇಲಾಖೆ ‘ಸಂಶಯಾಸ್ಪದ’ ಎಂದು ಗುರುತಿಸಿ ಕಂತು ತಡೆಹಿಡಿದಿರುವುದು ಮುಖ್ಯವಾಗಿ ಇಂಥವನ್ನೇ: ಆ ದಿನಾಂಕದ ನಂತರದ ಜಮೀನು, ಒಂದೇ ಕುಟುಂಬದ ಒಬ್ಬರಿಗಿಂತ ಹೆಚ್ಚು ಫಲಾನುಭವಿಗಳು. ಅದು ಸ್ಥಳ ಪರಿಶೀಲನೆ ಮುಗಿಯುವವರೆಗಿನ ತಡೆ. ತಡೆಯೇ ವಸೂಲಿ ಆದೇಶವಲ್ಲ. ಕಂತು ನಿಂತಿತೆಂದು ಓಡಿಹೋಗಿ ಹಳೆಯದನ್ನೆಲ್ಲ ಕಟ್ಟಿಬಿಡುವ ಅಗತ್ಯವಿಲ್ಲ. ಪರಿಶೀಲನೆಗೆ ಕಾಗದ ಜೋಡಿಸಿಟ್ಟುಕೊಳ್ಳಿ.

ಎಷ್ಟು ಎಂಬ ಲೆಕ್ಕ

2025ರ ನವೆಂಬರ್ 19ರಂದು ಬಿಡುಗಡೆಯಾದದ್ದು 21ನೇ ಕಂತು. ಅಲ್ಲಿಯವರೆಗೆ ಒಂದೂ ತಪ್ಪದೆ ಪಡೆದವರ ಮೊತ್ತ 42,000. ಆ ಅವಧಿಯ ಕೇಂದ್ರದ ಹಣಕ್ಕೆ ಇದಕ್ಕಿಂತ ಹೆಚ್ಚು ಕೇಳಿದರೆ ಲೆಕ್ಕದಲ್ಲೇ ಏನೋ ಬೆರೆತಿದೆ ಎಂದರ್ಥ. ಕರ್ನಾಟಕದಲ್ಲಿ ಬೆರೆಯುವುದು ಹೆಚ್ಚಾಗಿ ರಾಜ್ಯದ ಹಣ. 2019ರಿಂದ 2023ರವರೆಗೆ ರಾಜ್ಯ ಸರ್ಕಾರ ಇದೇ ಫಲಾನುಭವಿಗಳಿಗೆ ವರ್ಷಕ್ಕೆ 4,000ವನ್ನು ಎರಡು ಕಂತಿನಲ್ಲಿ ಕೊಡುತ್ತಿತ್ತು. ಅದು ರಾಜ್ಯದ ಬೊಕ್ಕಸದ್ದು. ಕೇಂದ್ರದ ಪೋರ್ಟಲ್‌ನ ರಿಫಂಡ್ ಪುಟದಲ್ಲಿ ಸೇರುವುದಿಲ್ಲ. ಪಾಸ್‌ಬುಕ್‌ನಲ್ಲಿ ಮಾತ್ರ ಎರಡೂ 2,000, 2,000 ಎಂದೇ ಕಾಣುತ್ತವೆ. ಎಂಟ್ರಿಗಳನ್ನು ಎಣಿಸುವಾಗ ಇವೆರಡನ್ನೂ ಬೇರೆ ಬೇರೆ ಕಾಲಮಿನಲ್ಲಿ ಬರೆದುಕೊಳ್ಳಿ. ರಾಜ್ಯದ ಪಾಲನ್ನೂ ಕೇಳಿದ್ದರೆ ಯಾವ ಆದೇಶದಡಿ, ಯಾವ ಖಾತೆಗೆ ಎಂದು ಕೃಷಿ ಇಲಾಖೆಯಿಂದಲೇ ಲಿಖಿತವಾಗಿ ಪಡೆಯಬೇಕು.

ಬಂದೇ ಇಲ್ಲದ ಕಂತನ್ನು ಕಟ್ಟಿ ಎಂದು ಕೇಳುವುದೂ ಉಂಟು. ಆರಂಭದ ಕಂತುಗಳು ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಗೆ ಹೋದವು. ಆಮೇಲೆ ಹಣ ಆಧಾರ್ ಜೋಡಣೆಯಾದ ಖಾತೆಗೆ ಬೀಳತೊಡಗಿತು. ಎರಡು-ಮೂರು ಬ್ಯಾಂಕಿನಲ್ಲಿ ಖಾತೆ ಇದ್ದರೆ ಕೊನೆಯದಾಗಿ ಆಧಾರ್ ಸೀಡಿಂಗ್ ಆದ ಬ್ಯಾಂಕಿಗೇ ಜಮಾ. ಸಹಕಾರ ಸಂಘದ ಸಾಲಕ್ಕೆಂದೋ ಗ್ಯಾಸ್ ಸಬ್ಸಿಡಿಗೆಂದೋ ತೆರೆದು ಮರೆತ ಖಾತೆಯಲ್ಲಿ ಆ ಹಣ ಕೂತಿರುವುದು ಅಪರೂಪವೇನಲ್ಲ. ಆಧಾರ್ ಪ್ರಾಧಿಕಾರವಾದ ಯುಐಡಿಎಐ ಜಾಲತಾಣದ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ನಲ್ಲಿ ಈಗಿನ ಬ್ಯಾಂಕ್ ಯಾವುದೆಂದು ಕಾಣುತ್ತದೆ. ಹಳೆಯ ಕಂತಿಗೆ ಆ ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆಸಲೇಬೇಕು.

ಪುಟದೊಳಗೆ

ಕೈಯಲ್ಲಿರಬೇಕಾದದ್ದು ನೋಂದಣಿ ಸಂಖ್ಯೆ, ಆಧಾರ್, ನೋಂದಾಯಿತ ಮೊಬೈಲ್, ಒಂದು ಇಮೇಲ್ ವಿಳಾಸ. ನೋಂದಣಿ ಸಂಖ್ಯೆ ಮರೆತಿದ್ದರೆ ಅದೇ ಪೋರ್ಟಲ್‌ನಲ್ಲಿ ಹುಡುಕುವ ಸೌಲಭ್ಯ ಇದೆ. ಮೊದಲು ‘ನೋ ಯುವರ್ ಸ್ಟೇಟಸ್’ಗೆ ಹೋಗಿ, ಅನರ್ಹತೆಯ ಕಾರಣ ಎಂದು ಏನಾದರೂ ನಮೂದಾಗಿದೆಯೇ ನೋಡಿ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಹಣ ಕಟ್ಟಿದ ಮೇಲೆ ಈ ಪುಟ ಬದಲಾಗಬಹುದು. ಕಟ್ಟುವ ಮುಂಚಿನ ಸ್ಥಿತಿಗೆ ನಿಮ್ಮಲ್ಲಿರುವ ಸಾಕ್ಷಿ ಇದೊಂದೇ.

ಆಮೇಲೆ ಆನ್‌ಲೈನ್ ರಿಫಂಡ್. ಆರಂಭದಲ್ಲೇ ಎರಡು ಆಯ್ಕೆ: ಈ ಮೊದಲೇ ಹಣ ಮರಳಿಸಿದ್ದೀರಾ, ಅಥವಾ ಈಗ ಕಟ್ಟುತ್ತೀರಾ. ಇಲಾಖೆಗೆ ಡಿಡಿ ಕೊಟ್ಟವರು, ಅಧಿಕಾರಿಗಳು ಹೇಳಿದ ಖಾತೆಗೆ ಜಮಾ ಮಾಡಿದವರು ಎರಡನೆಯದನ್ನು ಒತ್ತಬಾರದು. ಒತ್ತಿದರೆ ಅದೇ ಹಣವನ್ನು ಮತ್ತೊಮ್ಮೆ ಕಟ್ಟಿದಂತೆ, ಬಿಡಿಸಿಕೊಳ್ಳಲು ಅಲೆದಾಟ ಬೇರೆ.

ಸಂಖ್ಯೆ ಕೊಟ್ಟು, ಚಿತ್ರದಲ್ಲಿನ ಅಕ್ಷರ ತುಂಬಿ ವಿವರ ತರಿಸಿದಾಗ ಎರಡರಲ್ಲಿ ಒಂದಾಗುತ್ತದೆ. ಮರಳಿಸಬೇಕಾದ ಕಂತುಗಳಿದ್ದರೆ ಅವು ಸಾಲಾಗಿ ಬರುತ್ತವೆ. ಇಲ್ಲದಿದ್ದರೆ ‘ಯಾವುದೇ ರಿಫಂಡ್ ಮೊತ್ತಕ್ಕೆ ನೀವು ಅರ್ಹರಲ್ಲ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಕಾಣುತ್ತದೆ. ಇಷ್ಟು ಗಲಿಬಿಲಿ ಮಾಡುವ ವಾಕ್ಯವನ್ನು ಸರ್ಕಾರಿ ಪುಟಗಳಲ್ಲೂ ಹುಡುಕಬೇಕು. ‘ಅರ್ಹರಲ್ಲ’ ಎಂಬುದನ್ನು ಓದಿ ಯೋಜನೆಯಿಂದಲೇ ಹೊರಬಿದ್ದೆವೆಂದು ತಿಳಿಯುವವರಿದ್ದಾರೆ. ಅದರ ಅರ್ಥ ಇಷ್ಟೇ: ಸದ್ಯ ನಿಮ್ಮಿಂದ ಬರಬೇಕಾದ ಹಣವಿಲ್ಲ. ಕೈಯಲ್ಲಿ ನೋಟಿಸ್ ಇದ್ದೂ ಪುಟ ಹೀಗೆ ಹೇಳಿದರೆ, ಎರಡನ್ನೂ ಜೊತೆಗಿಟ್ಟು ಕೃಷಿ ಕಚೇರಿಗೆ ಪತ್ರ ಬರೆಯಿರಿ. ಹಾಗೆಂದು ಅದನ್ನು ಅರ್ಹತಾ ಪ್ರಮಾಣಪತ್ರವೆಂದು ಚೌಕಟ್ಟು ಹಾಕಿಸಬೇಡಿ. ದಾಖಲೆ ಮುಂದೆ ಬದಲಾಗಬಹುದು.

ಕಂತುಗಳು ಬಂದರೆ ಪಕ್ಕದ ಚೌಕದಲ್ಲಿ ಟಿಕ್ ಹಾಕಿ ಆರಿಸಬೇಕು. ಈ ಸೇವೆಯಲ್ಲಿ ನಮಗೆ ಮೆಚ್ಚುಗೆಯಾದದ್ದು ಇದು. ಎಲ್ಲವನ್ನೂ ಕಣ್ಣುಮುಚ್ಚಿ ಆರಿಸದೆ, ಮನೆಯಲ್ಲಿ ಬರೆದುಕೊಂಡ ಪಟ್ಟಿಯ ಎದುರು ಒಂದೊಂದನ್ನೇ ತಾಳೆ ನೋಡಿ. ತೋರಿಸುವುದು ಕಂತಿನ ಮೊತ್ತ. ಬಡ್ಡಿ, ದಂಡ ಎಂದು ಯಾರಾದರೂ ಬಾಯಿಮಾತಿನಲ್ಲಿ ಸೇರಿಸಿದರೆ ಆದೇಶದ ಪ್ರತಿ ಕೇಳಿ.

ಮುಂದಿನ ಹೆಜ್ಜೆಯಲ್ಲಿ ಪೋರ್ಟಲ್ ನಿಮ್ಮನ್ನು ಭಾರತ್‌ಕೋಶ್‌ಗೆ ಕಳಿಸುತ್ತದೆ. ಇದು ಕೇಂದ್ರ ಹಣಕಾಸು ಇಲಾಖೆಯಡಿ ಮಹಾಲೇಖಾ ನಿಯಂತ್ರಕರು ನಡೆಸುವ, ತೆರಿಗೆಯಲ್ಲದ ಪಾವತಿಗಳ ಜಾಲತಾಣ. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇದೆಯೇ ಎಂದು ಇಲ್ಲೊಮ್ಮೆ ನೋಡಿಕೊಳ್ಳಿ. ನೆಟ್ ಬ್ಯಾಂಕಿಂಗ್, ಕಾರ್ಡ್, ಯುಪಿಐ ನಡೆಯುತ್ತವೆ. ಕಟ್ಟಿದ ಮೇಲೆ ಬರುವ ವ್ಯವಹಾರ ಸಂಖ್ಯೆಯನ್ನು ಕಾಗದದಲ್ಲೂ ಬರೆದುಕೊಳ್ಳಿ, ರಸೀದಿಯನ್ನು ಪಿಡಿಎಫ್ ಮಾಡಿ ಉಳಿಸಿ. ಸೈಬರ್ ಸೆಂಟರ್‌ನಲ್ಲಿ ಅವರದ್ದೇ ಇಮೇಲ್ ಹಾಕಿಬಿಟ್ಟರೆ ರಸೀದಿ ಅಲ್ಲಿಗೇ ಹೋಗುತ್ತದೆ, ನಿಮ್ಮದನ್ನೇ ಹಾಕಿಸಿ.

ಕೆಡುವುದು ಹೆಚ್ಚಾಗಿ ಈ ಹಂತದಲ್ಲೇ. ಖಾತೆಯಿಂದ ಹಣ ಕಡಿತವಾಯಿತು, ಪುಟ ಸುತ್ತುತ್ತಲೇ ಇದೆ, ರಸೀದಿ ಇಲ್ಲ. ತಕ್ಷಣ ಮತ್ತೆ ಕಟ್ಟಬೇಡಿ. ಭಾರತ್‌ಕೋಶ್‌ನಲ್ಲೇ ಪಾವತಿಯ ಜಾಡು ಹಿಡಿಯುವ ಜಾಗವಿದೆ, ಅಲ್ಲಿ ಸ್ಥಿತಿ ನೋಡಿ. ವ್ಯವಹಾರ ವಿಫಲವೆಂದಾದರೆ ಹಣ ತಾನಾಗಿ ಖಾತೆಗೆ ಮರಳಬೇಕು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ಇಂಥ ಯುಪಿಐ, ಆನ್‌ಲೈನ್ ಕಾರ್ಡ್ ಪಾವತಿಗಳಿಗೆ ವ್ಯವಹಾರದ ದಿನದ ನಂತರ ಐದು ದಿನದ ಗಡುವು. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಬ್ಯಾಂಕ್ ಕೊಡಬೇಕು. ದೂರು ಹೋಗಬೇಕಾದದ್ದು ಬ್ಯಾಂಕಿಗೆ, ರೈತ ಸಂಪರ್ಕ ಕೇಂದ್ರಕ್ಕಲ್ಲ.

ರಸೀದಿ ಬಂತೆಂದರೆ ಕೆಲಸ ಮುಗಿಯಲಿಲ್ಲ. ನೋಟಿಸ್ ಕೊಟ್ಟ ಕಚೇರಿಯ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ‘ಬಾಕಿ’ ಎಂದೇ ಇರಬಹುದು. ರಸೀದಿಯ ನಕಲಿನ ಜೊತೆ ಒಂದು ಪುಟದ ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಇನ್‌ವರ್ಡ್ ಸಂಖ್ಯೆ ಹಾಕಿಸಿಕೊಳ್ಳಿ.

ಇಲ್ಲದೇ ಇರುವುದು

ಪುಟದಲ್ಲಿ ‘ನಾನು ಒಪ್ಪುವುದಿಲ್ಲ’ ಎನ್ನುವ ಗುಂಡಿ ಇಲ್ಲ. ‘ಒಟ್ಟಿಗೆ ಕಟ್ಟಲು ಶಕ್ತಿ ಇಲ್ಲ, ಸಮಯ ಕೊಡಿ’ ಎನ್ನುವುದಕ್ಕೂ ಜಾಗವಿಲ್ಲ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿಯಲ್ಲಿ ಹೆಚ್ಚುವರಿ ಪಾವತಿ ನೋಟಿಸ್ ಬಂದರೆ, ಲೆಕ್ಕವೇ ತಪ್ಪು ಎನ್ನಲು 561 ಸಂಖ್ಯೆಯ ಫಾರಂ, ತಪ್ಪು ನನ್ನದಲ್ಲ, ಕಟ್ಟುವ ಶಕ್ತಿಯೂ ಇಲ್ಲ ಎಂದು ಮನ್ನಾ ಕೇಳಲು 632 ಸಂಖ್ಯೆಯ ಫಾರಂ ಇವೆ; ಮರುಪರಿಶೀಲನೆ ಕೇಳಲು 60 ದಿನ. ಅಲ್ಲಿನ ವ್ಯವಸ್ಥೆಯಲ್ಲೂ ಹುಳುಕು ಸಾಕಷ್ಟಿದೆ, ಆದರೆ ಎರಡು ವಾದಕ್ಕೆ ಎರಡು ಬಾಗಿಲು ತೆರೆದಿಟ್ಟಿದ್ದಾರೆ. ಇಲ್ಲಿ ಆ ಬಾಗಿಲನ್ನು ನಾವೇ ಬಿಳಿ ಹಾಳೆಯಲ್ಲಿ ಬರೆದು ಮಾಡಿಕೊಳ್ಳಬೇಕು.

ಪತ್ರ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ, ಪ್ರತಿ ಜಿಲ್ಲೆಯ ಜಂಟಿ ಕೃಷಿ ನಿರ್ದೇಶಕರಿಗೆ. ನೋಟಿಸ್‌ನ ಸಂಖ್ಯೆ ಮತ್ತು ದಿನಾಂಕ, ನೋಂದಣಿ ಸಂಖ್ಯೆ, ರಾಜ್ಯದ ರೈತರ ನೋಂದಣಿ ತಂತ್ರಾಂಶ ಫ್ರೂಟ್ಸ್‌ನಲ್ಲಿ ಸಿಕ್ಕಿರುವ ರೈತರ ಗುರುತು ಸಂಖ್ಯೆ (ಎಫ್‌ಐಡಿ), ಸರ್ವೆ ನಂಬರ್, ನಿಮ್ಮ ಆಕ್ಷೇಪ ಎರಡು ವಾಕ್ಯದಲ್ಲಿ, ಜೋಡಿಸಿದ ದಾಖಲೆಗಳ ಪಟ್ಟಿ. ಕಷ್ಟ ಹೇಳಿಕೊಳ್ಳುವುದಿದ್ದರೆ ಅದನ್ನು ಬೇರೆ ಪತ್ರವಾಗಿಸಿ. ‘ಕಟ್ಟಲು ಆರು ತಿಂಗಳು ಕೊಡಿ’ ಎಂದು ಅದೇ ಹಾಳೆಯಲ್ಲಿ ಬರೆದರೆ, ಕಟ್ಟಬೇಕೆಂಬುದನ್ನು ನೀವು ಒಪ್ಪಿದಂತೆ ಓದಿಕೊಳ್ಳಬಹುದು.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಮಿತಿ. ಇದನ್ನು ಮರೆತು ಊರಿನ ಪುರಾಣವನ್ನೆಲ್ಲ ಬರೆದರೆ ಅರ್ಜಿ ಹಿಂದಕ್ಕೆ ಬರುತ್ತದೆ. ನನ್ನನ್ನು ಅನರ್ಹನೆಂದು ಗುರುತಿಸಿದ ಆದೇಶ ಅಥವಾ ಪಟ್ಟಿಯ ಪ್ರತಿ, ಅದಕ್ಕೆ ಆಧಾರವಾದ ದಾಖಲೆ, ಕಂತುವಾರು ಮೊತ್ತ ಮತ್ತು ಜಮಾ ಆದ ಬ್ಯಾಂಕ್, ಇಷ್ಟು ಕೇಳಿದರೆ ಸಾಕು. ರಾಜ್ಯ ಸರ್ಕಾರದ ದೂರು ವ್ಯವಸ್ಥೆ ಜನಸ್ಪಂದನದ 1902ಕ್ಕೆ ದೂರು ದಾಖಲಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಪಿಎಂ-ಕಿಸಾನ್ ಸಹಾಯವಾಣಿ 155261 ಸ್ಥಿತಿ ತಿಳಿಯಲು ಪರವಾಗಿಲ್ಲ, ವಸೂಲಿ ವಿವಾದ ಬಿಡಿಸಲು ಅಲ್ಲ. ವಕೀಲರ ಸಲಹೆ ಬೇಕಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯದ ಪ್ರಶ್ನೆಯಿಲ್ಲದೆ ಉಚಿತ. ಸಹಾಯವಾಣಿ 15100.

ಇಲ್ಲೊಂದು ಎಚ್ಚರಿಕೆ. ‘ಐದು ವರ್ಷಕ್ಕಿಂತ ಹಳೆಯದನ್ನು ವಸೂಲು ಮಾಡುವಂತಿಲ್ಲ, ಸುಪ್ರೀಂ ಕೋರ್ಟ್ ಹೇಳಿದೆ’ ಎಂದು ವಾದಿಸುವವರು ನೆನೆಯುವುದು 2014ರ ರಫೀಕ್ ಮಸೀಹ್ ತೀರ್ಪನ್ನು. ಅದು ನೌಕರರಿಗೆ ತಪ್ಪಾಗಿ ಕೊಟ್ಟ ಹೆಚ್ಚುವರಿ ವೇತನದ ವಸೂಲಿಯ ಬಗ್ಗೆ. ಕಿಸಾನ್ ಹಣಕ್ಕೆ ಅದನ್ನು ನೇರವಾಗಿ ಅಂಟಿಸಿ ಸುಮ್ಮನೆ ಕೂರುವುದು ಜಾಣತನವಲ್ಲ.

ಅದೇ ಪೋರ್ಟಲ್‌ನಲ್ಲಿ ಸೌಲಭ್ಯವನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುವ ಆಯ್ಕೆಯೂ ಇದೆ. ಅದನ್ನೇ ರಿಫಂಡ್ ಎಂದು ತಿಳಿದು ಒತ್ತುವವರಿದ್ದಾರೆ. ಅದರಿಂದ ಮುಂದಿನ ಕಂತು ನಿಲ್ಲುತ್ತದೆ, ಹಿಂದಿನ ಬಾಕಿ ತೀರುವುದಿಲ್ಲ. ಕೆಲಸಕ್ಕೆ ಸೇರಿ ಈಗಷ್ಟೇ ಅನರ್ಹರಾದವರು ಕೂಡಲೇ ಬಿಟ್ಟುಕೊಟ್ಟರೆ ಕಟ್ಟಬೇಕಾದ ಮೊತ್ತ ಬೆಳೆಯುವುದು ತಪ್ಪುತ್ತದೆ. ಅರ್ಹತೆಯ ಬಗ್ಗೆ ಇನ್ನೂ ತಕರಾರು ನಡೆಯುತ್ತಿದ್ದರೆ ಮುಟ್ಟಬೇಡಿ.

ಕೊನೆಯದು ಫೋನಿನ ವಿಷಯ. ಭಾರತ್‌ಕೋಶ್ ಬಿಟ್ಟು ಯಾರದ್ದೋ ಮೊಬೈಲ್ ನಂಬರಿಗೆ ಯುಪಿಐ ಮಾಡಿ ಎಂದರೆ, ಎದುರಿಗಿರುವವರು ಗುರುತಿನ ಚೀಟಿ ತೋರಿಸಿದರೂ ಮಾಡಬೇಡಿ. ವಾಟ್ಸಾಪ್‌ನಲ್ಲಿ ಪಿಎಂ-ಕಿಸಾನ್ ಹೆಸರಿನ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಇನ್‌ಸ್ಟಾಲ್ ಮಾಡಬಾರದು. ಅದು ಮೊಬೈಲಿಗೆ ಬರುವ ಓಟಿಪಿಗಳನ್ನು ಕದ್ದು ಖಾತೆ ಬರಿದು ಮಾಡುವ ವಂಚನೆ. ಒತ್ತಿಬಿಟ್ಟಿದ್ದರೆ ಮೊದಲು ಇಂಟರ್ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ, ಆಮೇಲೆ ಬ್ಯಾಂಕಿಗೆ ಕರೆ ಮಾಡಿ.